ಎರಡು ಪಟ್ಟಿ ಹಸಿರು

ಬಿತ್ತಿದ ಐವತ್ತನೆಯ ದಿನ ಬೆಳಿಗ್ಗೆ ಸುದುಮೆಣಿಕೆ ತನ್ನ ಗದ್ದೆಪಟ್ಟಿಯ ನಡುವಿನಿಂದ ಒಂದು ಪೈರು ಕಿತ್ತು, ಬುಡದಿಂದ ಮೇಲಕ್ಕೆ ಉಗುರಿನಲ್ಲಿ ಸೀಳಿದಳು. ಒಳಗೆ ಏನೂ ಇರಲಿಲ್ಲ. ಹಸಿ ಕಾಂಡ, ಅದರೊಳಗೆ ಇನ್ನೊಂದು ಹಸಿ ಕಾಂಡ, ಅಷ್ಟೆ. ಇನ್ನೊಂದು ಕಿತ್ತಳು. ಅದೂ ಹಾಗೆಯೇ. ಬದು ದಾಟಿ ಮುತುಬಂಡನ ಪಟ್ಟಿಗೆ ಹೋಗಿ, ಆಚೆ ಈಚೆ ನೋಡಿ, ಅಲ್ಲಿಂದಲೂ ಒಂದನ್ನು ಕಿತ್ತಳು. ಸೀಳಿದರೆ ಅಲ್ಲಿತ್ತು: ಬೆರಳುದ್ದದ ಬಿಳಿ ಎಳೆತೆನೆ, ಕೊಕ್ಕರೆ ಮರಿಯ ಪುಕ್ಕದ ಹಾಗೆ ಮೆತ್ತಗೆ, ಒದ್ದೆಯಾಗಿ.

ಅವಳು ಬದುವಿನ ಮೇಲೆ ಕುಕ್ಕರಿಸಿದಳು. ಮೂರು ತಿಂಗಳ ಭತ್ತವೆಂದು ಬಿತ್ತಿದ್ದು ಮೂರೂವರೆ ತಿಂಗಳದ್ದು. ಹದಿನೈದು ದಿನದ ಅಂತರ. ಕೆರೆ ತುಂಬಿದ ವರ್ಷವಾದರೆ ಹದಿನೈದು ದಿನ ಎನ್ನುವುದು ಒಂದು ಮಾತೇ ಅಲ್ಲ. ಈ ವರ್ಷ ಕೆರೆಯಲ್ಲಿ ಆ ಹದಿನೈದು ದಿನದ ನೀರಿರಲಿಲ್ಲ.

ಮಳೆಗಾಲದಲ್ಲಿ ಕೆರೆ ಅರ್ಧವೂ ತುಂಬಿರಲಿಲ್ಲ. ಹೊಸ ವರ್ಷದ ಹಬ್ಬ ಕಳೆದ ಮೇಲೆ ಊರು ಏರಿಯ ಮೇಲೆ ಸೇರಿ, ಈ ಬೇಸಿಗೆ ಬೆಳೆಗೆ ಬೆತ್ಮ ಎಂದು ತೀರ್ಮಾನಿಸಿತು. ಏರಿಗೆ ಅಂಟಿಕೊಂಡ ಮೇಲ್ಗದ್ದೆಗಳನ್ನಷ್ಟೇ ಉಳುವುದು, ಕೆಳಗದ್ದೆಯವರಿಗೂ ಅಲ್ಲೇ ಪಾಲು ಹಾಕಿ ಪಟ್ಟಿ ಅಳೆದು ಕೊಡುವುದು. ಬೆತ್ಮದ ಹಂಗಾಮಿನಲ್ಲಿ ಇದು ನನ್ನ ಗದ್ದೆ ಎಂದು ಯಾರೂ ಎದೆ ತಟ್ಟಿಕೊಳ್ಳುವಂತಿಲ್ಲ. ಎಲ್ಲರೂ ಒಂದೇ ದಿನ ಬಿತ್ತಬೇಕು, ಒಂದೇ ತಳಿ ಬಿತ್ತಬೇಕು, ಒಂದೇ ದಿನ ತೂಬು ಮುಚ್ಚಬೇಕು. ಕೆರೆ ಕಟ್ಟಿಸಿದ್ದು ಯಾವ ರಾಜ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಆದರೆ ಈ ಕಟ್ಟಳೆಯ ಬಗ್ಗೆ ಮಾತ್ರ ಊರಲ್ಲಿ ಎರಡು ಮಾತಿರಲಿಲ್ಲ. ಅದನ್ನು ಕಾಯುವವಳು ಸುದುಮೆಣಿಕೆ. ಅವಳು ಊರಿನ ವಿದಾನೆ, ಎಂದರೆ ನೀರುಗಂಟಿ. ತೂಬಿನ ಬೀಗದ ಕೈ ಅವಳ ಸೊಂಟದಲ್ಲಿ.

ತಪ್ಪು ಎಲ್ಲಿ ಆಯಿತೆಂದು ಹುಡುಕಬೇಕಾಗಿರಲಿಲ್ಲ. ಬಿತ್ತನೆಯ ಮುಹೂರ್ತ ಬೆಳಿಗ್ಗೆ ಏಳು ನಲವತ್ತೆರಡಕ್ಕೆ. ಮೊದಲ ಹಿಡಿ ವಿದಾನೆಯದೇ ಆಗಬೇಕು. ಅವಳು ಪೂರ್ವಕ್ಕೆ ಮುಖ ಮಾಡಿ ನಿಂತು ಕುಕ್ಕೆಗೆ ಕೈ ಹಾಕಿದಾಗ, ಮೊಳಕೆಯೊಡೆದ ಕಾಳು ಬೆರಳಿಗೆ ಯಾಕೋ ಉದ್ದವೆನಿಸಿತ್ತು. ಇಲಿ ಕಡಿದದ್ದಕ್ಕೆ ಚೀಲ ಬದಲಿಸಿದ್ದು, ಎರಡು ತಳಿಯ ಚೀಲಗಳಿಗೂ ಒಂದೇ ಬಗೆಯ ಹುರಿ ಕಟ್ಟಿದ್ದು, ಎಲ್ಲ ಒಮ್ಮೆಗೇ ನೆನಪಾಗಿತ್ತು. ಮನೆಗೆ ಹೋಗಿ ನೋಡಿ ಬರಲು ಇಪ್ಪತ್ತು ನಿಮಿಷ ಸಾಕಿತ್ತು. ಆದರೆ ಇಪ್ಪತ್ತೆರಡು ಪಾಲುದಾರರು ಬೀಜ ಹಿಡಿದು ಅವಳ ಕೈಯನ್ನೇ ನೋಡುತ್ತ ನಿಂತಿದ್ದರು. ಮುಹೂರ್ತ ಮೀರಿದರೆ ಹಂಗಾಮೇ ಕೆಟ್ಟಿತೆಂದು ಅರ್ಧ ಊರು ಮನೆಗೆ ಹೋಗಿಬಿಡುತ್ತಿತ್ತು. ಅವಳು ಎರಚಿದಳು. ಕಾಳು ನೀರಿಗೆ ಬಿದ್ದ ಮೇಲೆ ಅನುಮಾನವೂ ಅದರ ಜೊತೆ ಬಿತ್ತು, ಮುಳುಗಿತು.

"ಅಕ್ಕಾ! ಏನು, ಬದುವಿನ ಮೇಲೆ ಕೂತು ಜಪ ಮಾಡ್ತಿದೀಯಾ?"

ಕೂಗಿದವಳು ನಿಲ್ಮಿಣಿ. ಪಕ್ಕದ ಪಟ್ಟಿ ಅವಳದು. ಕಡಲ ಕಡೆಯ ಮೀನುಗಾರರ ಮನೆಯ ಹುಡುಗಿ, ಲಾರಿ ಓಡಿಸುವ ಗಂಡನನ್ನು ಕಟ್ಟಿಕೊಂಡು ಈ ಊರಿಗೆ ಬಂದು ಆರು ವರ್ಷ. ಕೈಯಲ್ಲಿ ಕಪ್ಪು ಚಹಾದ ಲೋಟ, ಅಂಗೈಯಲ್ಲಿ ಬೆಲ್ಲದ ಚೂರು.

"ತಗೋ, ಕುಡಿ. ಮುಖ ನೋಡಿದ್ರೆ ಕೆರೆ ಒಡೆದುಹೋಯ್ತೇನೋ ಅನ್ನಿಸ್ತದೆ."

ಸುದುಮೆಣಿಕೆ ಸೀಳಿದ ಪೈರನ್ನು ಕೆಸರಿಗೆ ತುಳಿದಳು. "ಏನಿಲ್ಲ ತಂಗಿ. ಹುಳ ನೋಡ್ತಿದ್ದೆ."

"ಹುಳನಾ? ಎಲ್ಲಿ? ನಮ್ಮಿಬ್ಬರ ಪಟ್ಟೀನ ನೋಡು, ಎಲ್ಲರಿಗಿಂತ ಹಸಿರು! ನಿನ್ನೆ ನಮ್ಮತ್ತೆಗೆ ಅಂಗಳದಿಂದಲೇ ತೋರಿಸಿದೆ. ಬಾಯಿ ಬಿಡಲಿಲ್ಲ. ಮೀನಿನ ಊರಿನವಳು ಭತ್ತ ಬಿತ್ತಿದ್ರೆ ಮುಳ್ಳೇ ಬೆಳೆಯೋದು ಅಂತಿದ್ದರಲ್ಲ, ಈಗ ಹೇಳಲಿ ನೋಡೋಣ."

ನಿಲ್ಮಿಣಿಯ ಅತ್ತೆ ಈ ಹಂಗಾಮಿಗೆ ಮೊದಲ ಸಲ ಮನೆಯ ಪಾಲನ್ನು ಸೊಸೆಯ ಕೈಗೆ ಕೊಟ್ಟಿದ್ದಳು, ಊರಿನೆದುರೇ ಒಂದು ಮಾತನ್ನೂ ಸೇರಿಸಿ: ಬೆಳೆದು ತೋರಿಸಿದರೆ ಪಾಲು ಇವಳ ಹೆಸರಿಗೆ, ಇಲ್ಲದಿದ್ದರೆ ಕಿರಿಯ ಮಗನಿಗೆ. ಅಂದು ಸಂಜೆಯೇ ನಿಲ್ಮಿಣಿ ಸುದುಮೆಣಿಕೆಯ ಮನೆಗೆ ಓಡಿ ಬಂದಿದ್ದಳು. ಅಕ್ಕಾ, ನೀನು ಏನು ಮಾಡ್ತೀಯೋ ಅದನ್ನೇ ನಾನೂ ಮಾಡ್ತೀನಿ, ನನಗೆ ಬೇರೆ ಏನೂ ಗೊತ್ತಿಲ್ಲ ಎಂದಿದ್ದಳು. ಸುದುಮೆಣಿಕೆ ಹೆಮ್ಮೆಯಿಂದ ಚೀಲ ಬಿಚ್ಚಿ ಬೀಜದಲ್ಲಿ ಅರ್ಧ ಅವಳಿಗೆ ಸುರಿದಿದ್ದಳು. ಅದೇ ಚೀಲ.

ಸುದುಮೆಣಿಕೆ ಒಂದು ಗುಟುಕು ಚಹಾ ಕುಡಿದಳು. ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಲೋಟ ಖಾಲಿಯಾದ ಮೇಲೆ ಹೇಳೋಣ ಎಂದುಕೊಂಡಳು. ಲೋಟ ಖಾಲಿಯಾಯಿತು. ನಿಲ್ಮಿಣಿ ಅದನ್ನು ಕಾಲುವೆಯಲ್ಲಿ ಅದ್ದಿ ತೊಳೆದು, ಲಂಗ ಎತ್ತಿ ಕಟ್ಟಿ, ಹಾಡು ಗುನುಗುತ್ತ ಹೋದಳು.

ಅಂದಿನಿಂದ ಸುದುಮೆಣಿಕೆಗೆ ಒಂದು ಕಡೆ ಕೂರಲಾಗಲಿಲ್ಲ. ಬೆಳಗಾದರೆ ಏರಿ ಹತ್ತಿ ತೂಬಿನ ಬಳಿ ಹೋಗುವಳು. ಕಲ್ಲು ಕಟ್ಟಿದ ಚೌಕ ಬಾವಿಯಂತಿದ್ದ ಹಳೆಯ ತೂಬು ಅದು. ನೀರು ಇಳಿದಂತೆ ಅದರ ಕಲ್ಲಿನ ಸಾಲುಗಳು ಒಂದೊಂದಾಗಿ ಹೊರಗೆ ಕಾಣುತ್ತಿದ್ದವು. ಹತ್ತನೆಯ ಕಲ್ಲು ಕಂಡ ದಿನ ತೂಬು ಮುಚ್ಚಬೇಕು. ಅದರ ಕೆಳಗಿನ ನೀರು ದನಗಳಿಗೆ, ಸ್ನಾನಕ್ಕೆ, ಮೀನಿಗೆ. ಈಗ ಕಂಡಿದ್ದು ಆರು. ಐದು ದಿನಕ್ಕೊಮ್ಮೆ ನೀರಿನ ಸರದಿ. ಆರು ಸರದಿ, ನಾಲ್ಕು ಕಲ್ಲು. ಎಪ್ಪತ್ತೆಂಟನೆಯ ದಿನಕ್ಕೆ ಎಲ್ಲರ ಭತ್ತ ಹಣ್ಣಿಗೆ ಬರುವುದಕ್ಕೂ ಹತ್ತನೆಯ ಕಲ್ಲು ಕಾಣುವುದಕ್ಕೂ ಸರಿಹೋಗುತ್ತಿತ್ತು. ಅವಳೇ ಕೂಡಿಸಿ ಕಳೆದು ಹೊಂದಿಸಿದ್ದು. ಅದರಲ್ಲಿ ಒಂದು ಬೊಗಸೆ ನೀರು ಹೆಚ್ಚಿರಲಿಲ್ಲ. ಎರಡು ಪಟ್ಟಿಗಳಿಗೆ ಮಾತ್ರ ಅದಾದ ಮೇಲೆ ಇನ್ನೂ ಮೂರು ಸರದಿ ಬೇಕು.

ಬೆಳಿಗ್ಗೆ ಎಣಿಸಿದ ಕಲ್ಲನ್ನು ಮಧ್ಯಾಹ್ನ ಮತ್ತೆ ಹೋಗಿ ಎಣಿಸುವಳು. ಒಲೆಯ ಮೇಲೆ ಅನ್ನ ಇಟ್ಟು ಏರಿಗೆ ಹೋಗಿ ಬರುವಷ್ಟರಲ್ಲಿ ಅದು ತಳ ಹಿಡಿದಿರುತ್ತಿತ್ತು. ತೂಬಿನ ಬಳಿ ಕಲ್ಲಿನಲ್ಲಿ ಕೆತ್ತಿದ ಐದು ಹೆಡೆಯ ಹಾವಿನ ಮುಂದೆ ಒಂದು ದಿನ ದೀಪ ಹಚ್ಚಿ ಕೈಮುಗಿದು ನಿಂತಳು. ಕೇಳಿಕೊಳ್ಳುವುದು ಏನೆಂದು ಹೊಳೆಯಲಿಲ್ಲ. ಮಳೆ ಎಂದರೆ ಉಳಿದವರ ಒಣಗಬೇಕಾದ ಭತ್ತ ನೆನೆಯುತ್ತದೆ. ಮಳೆ ಬೇಡ ಎಂದರೆ ನಿಲ್ಮಿಣಿಯದು ಒಣಗುತ್ತದೆ. ದೇವರಿಗೇ ತೊಡಕಾಗುವಂಥ ಬೇಡಿಕೆ. ಎಣ್ಣೆ ಬಟ್ಟಲು ಎತ್ತಿಕೊಂಡು ಬಂದಳು.

ಮೊದಲ ಸರದಿ ಬಂತು. ಅವಳು ಗಡಿಯಾರ ನೋಡಿ ಎಲ್ಲರಿಗೂ ನೀರು ಬಿಟ್ಟಳು, ಗಡಿಯಾರ ನೋಡಿ ಮುಚ್ಚಿದಳು. ಮುತುಬಂಡ ಬದುವಿನ ಮೇಲೆ ನಿಂತು ಎಲೆ ಅಡಿಕೆ ಜಗಿಯುತ್ತ ಅವಳ ಪಟ್ಟಿಯನ್ನೇ ನೋಡುತ್ತಿದ್ದ.

"ವಿದಾನೆ ಅಕ್ಕನ ಪೈರು ಭಾರಿ ಹಸಿರಪ್ಪಾ. ತೂಬಿಗೇನಾದರೂ ಅಕ್ಕನ ಮೇಲೆ ಮನಸ್ಸಾಗಿದೆಯೋ ಏನೋ, ಯಾರೂ ಇಲ್ಲದಾಗ ಅದೇ ಬಂದು ನೀರು ಹುಯ್ದು ಹೋಗ್ತದೆ."

"ನಾಲಿಗೆ ಬಿಗಿ ಹಿಡಿ ಮುತುಬಂಡ. ನಿನ್ನ ಬದು ಸೋರ್ತಿದೆ, ಮೊದಲು ಅದನ್ನ ಕಟ್ಟು."

"ಕಟ್ತೀನಮ್ಮಾ, ಕಟ್ತೀನಿ. ತಮಾಷೆಗಂದೆ."

ಸುತ್ತ ನಿಂತವರು ನಕ್ಕರು. ಸುದುಮೆಣಿಕೆಗೆ ಕೆನ್ನೆ ಉರಿಯಿತು. ಕದ್ದಿಲ್ಲ ಎಂದು ಕೂಗಿ ಹೇಳಬಹುದಿತ್ತು. ಹಾಗಾದರೆ ಯಾಕೆ ಇಷ್ಟು ಹಸಿರು ಎಂದು ಕೇಳಿದರೆ?

ತಾನು ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಭತ್ತ ಹೋದರೆ ಹೋಗಲಿ, ಒಂದು ಹೊಟ್ಟೆ. ಹೆಣ್ಣುಮಕ್ಕಳಿಬ್ಬರೂ ಅವರವರ ಮನೆ ಸೇರಿಯಾಗಿದೆ. ಅದಲ್ಲ. ಗಂಡ ವಿದಾನೆಯಾಗಿದ್ದಾಗ ಅವಳನ್ನು ಊರು ವಿದಾನೆಯ ಹೆಂಡತಿ ಎಂದೇ ಕರೆಯುತ್ತಿತ್ತು. ಅವನು ಹಾಸಿಗೆ ಹಿಡಿದ ಮೂರು ವರ್ಷ ತೂಬು ಎತ್ತಿ ಇಳಿಸಿದವಳು ಇವಳು, ಹೆಸರು ಅವನದೇ. ಅವನು ತೀರಿಕೊಂಡ ಮೇಲೆ ಊರು ಕೈಯೆತ್ತಿ ಇವಳನ್ನು ಆರಿಸಿತು. ಆಮೇಲಷ್ಟೇ ಬೆಳಗಾಗುವ ಮೊದಲು ಅಂಗಳದಲ್ಲಿ ನಿಂತು ಯಾರಾದರೂ ಅವಳ ಹೆಸರು ಹಿಡಿದು ಕೂಗಲು ಶುರುವಾದದ್ದು. ಸುದುಮೆಣಿಕೆ ಅಕ್ಕಾ, ನಮ್ಮ ಸರದಿ ಯಾವಾಗ? ಸುದುಮೆಣಿಕೆ ಅಕ್ಕಾ, ಬಂದು ಬದು ನೋಡ್ತೀಯಾ? ಆ ಕೂಗು ನಿಂತುಹೋದ ಅಂಗಳವನ್ನು ನೆನೆಯಲೂ ಅವಳಿಗೆ ಆಗುತ್ತಿರಲಿಲ್ಲ. ಅವಳು ಕಾಯುತ್ತಿದ್ದದ್ದು ನೀರನ್ನಲ್ಲ, ಆ ಕೂಗನ್ನು. ಇದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಜಿಗುಪ್ಸೆಯಾಯಿತು. ಆದರೂ ಮರುದಿನವೂ ಸುಮ್ಮನಿದ್ದಳು.

ಎರಡನೆಯ ಸರದಿಯೂ ಕಳೆಯಿತು. ಅರವತ್ತೊಂದನೆಯ ದಿನ ಮುತುಬಂಡನ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಹೊರಗೆ ಇಣುಕಿತು. ಅಂದೇ ಮಧ್ಯಾಹ್ನ ಏರಿಯ ಕೆಳಗಿನ ಹೊಳೆಮತ್ತಿ ಮರದಡಿ ಸಭೆ, ತೂಬು ಮುಚ್ಚುವ ದಿನ ನಿಗದಿ ಮಾಡಲು. ರೈತರ ಸಂಘದ ಹಿರಿಯ ಟಿಕಿರಿಬಂಡ ಮರದ ಬೇರಿನ ಮೇಲೆ ಕೂತಿದ್ದ. ಊರಿಗೆಲ್ಲ ಅವನು ಟಿಕಿರಿ ಮಾವ.

"ಸರಿ, ವಿದಾನೆ ಹೇಳಲಿ," ಎಂದ. "ಕಲ್ಲೆಷ್ಟು, ದಿನವೆಷ್ಟು?"

ಅವಳು ಎದ್ದು ನಿಂತಳು. ಹೇಳಬೇಕಾದದ್ದು ಎರಡೇ ಅಂಕಿ. ನಿಲ್ಮಿಣಿ ಹೆಂಗಸರ ಸಾಲಿನಲ್ಲಿ ಕೂತು, ಪಕ್ಕದವಳಿಗೆ ತನ್ನ ಪಟ್ಟಿಯತ್ತ ಬೆರಳು ತೋರಿಸಿ ಏನೋ ಹೇಳುತ್ತಿದ್ದಳು. ಆಚೆ ಅವಳ ಅತ್ತೆ, ಮುಖ ಬಿಗಿದುಕೊಂಡು.

"ನನ್ನ ಬೀಜ ತಪ್ಪು," ಎಂದಳು ಸುದುಮೆಣಿಕೆ.

"ಏನಂದೆ?"

"ಚೀಲ ಅದಲು ಬದಲಾಯ್ತು ಮಾವ. ನಾನು ಬಿತ್ತಿದ್ದು ಮೂರೂವರೆ ತಿಂಗಳದ್ದು. ನಿಲ್ಮಿಣಿಗೆ ಕೊಟ್ಟಿದ್ದೂ ಅದನ್ನೇ. ಅವಳದೇನೂ ತಪ್ಪಿಲ್ಲ. ನಾನು ಕೊಟ್ಟಿದ್ದನ್ನ ಅವಳು ಬಿತ್ತಿದಳು."

ಮುತುಬಂಡ ಎಲೆ ಅಡಿಕೆ ಉಗಿದು ಎದ್ದ.

"ಓಹೋ! ಹೋದ ವರ್ಷ ನಾನು ನಾಲ್ಕು ದಿನ ತಡ ಬಿತ್ತಿದ್ದಕ್ಕೆ ಏನು ಮಾಡಿದೆ ಅಕ್ಕ, ನೆನಪಿದೆಯಾ? ಮಗಳಿಗೆ ಜ್ವರ ಅಂತ ಕಾಲಿಗೆ ಬೀಳೋದೊಂದು ಬಾಕಿ. ಕಟ್ಟಳೆ ಅಂದ್ರೆ ಕಟ್ಟಳೆ ಅಂದೆ, ತೂಬು ಮುಚ್ಚಿದೆ. ಅರ್ಧ ಗದ್ದೆ ಜೊಳ್ಳಾಯ್ತು ನಂದು!"

"ನೆನಪಿದೆ."

"ಈಗ ಎಲ್ಲಿ ಹೋಯ್ತು ಕಟ್ಟಳೆ? ನಾಲ್ಕು ದಿನಕ್ಕೆ ಜೊಳ್ಳು, ಹದಿನೈದು ದಿನಕ್ಕೆ ಪಾಯಸವಾ?"

"ನಾನು ನನಗೆ ನೀರು ಕೇಳ್ತಿಲ್ಲ ಮುತುಬಂಡ."

ಟಿಕಿರಿ ಮಾವ ಕೈ ಎತ್ತಿ ಗದ್ದಲ ನಿಲ್ಲಿಸಿದ. "ಯಾವತ್ತು ಗೊತ್ತಾಯ್ತು ಮಗಳೇ?"

ಈ ಪ್ರಶ್ನೆಗೆ ಅವಳು ಹನ್ನೊಂದು ದಿನದಿಂದ ಹೆದರಿದ್ದಳು. "ಐವತ್ತನೇ ದಿನ."

ಈಗ ಎದ್ದವಳು ನಿಲ್ಮಿಣಿ. "ಐವತ್ತಾ? ಚಹಾ ಕೊಟ್ಟೆನಲ್ಲ, ಅವತ್ತಾ?"

"ಅವತ್ತೇ."

"ಹುಳ ಅಂದೆ ನೀನು."

ಸುದುಮೆಣಿಕೆ ತಲೆ ತಗ್ಗಿಸಿದಳು. ನಿಲ್ಮಿಣಿ ಅಳುತ್ತಾಳೆ ಎಂದುಕೊಂಡಿದ್ದಳು. ನಿಲ್ಮಿಣಿ ಅಳಲಿಲ್ಲ.

"ನನಗೆ ಭತ್ತ ಗೊತ್ತಿಲ್ಲ ಅಕ್ಕ, ಲೆಕ್ಕ ಗೊತ್ತು. ಅವತ್ತು ಆರು ಸರದಿ ಇತ್ತು. ಒಂದೊಂದರಲ್ಲಿ ಒಂದಿಷ್ಟು ಉಳಿಸಿದ್ರೆ ಎರಡು ಪಟ್ಟಿಗೂ ಆಗ್ತಿರಲಿಲ್ವಾ? ಈಗ ಎಷ್ಟುಳಿದಿದೆ? ನಾಲ್ಕು. ಬೀಜ ಅದಲು ಬದಲಾಗೋದು ಯಾರ ಮನೇಲೂ ಆಗ್ತದೆ. ನಮ್ಮಪ್ಪನೂ ಬಲೆ ತಪ್ಪು ಹಾಕ್ತಿದ್ದ. ಆದರೆ ದೋಣೀಲಿ ತೂತಿದೆ ಅಂತ ಗೊತ್ತಿದ್ದೂ ಜೊತೆಗೆ ಕೂತವರಿಗೆ ಹೇಳದೆ ಇರೋರನ್ನ ನಮ್ಮೂರಲ್ಲಿ ಮತ್ತೆ ದೋಣಿ ಹತ್ತಿಸಲ್ಲ."

ಅತ್ತೆ ಸೊಸೆಯ ಕೈ ಹಿಡಿದು ಕೂರಿಸಿದಳು. ವಿಚಿತ್ರವೆಂದರೆ, ಅವಳ ಮುಖ ಬಿಗಿ ಬಿಟ್ಟಿತ್ತು. "ಮಾತು ಕಲಿತಿದಾಳೆ," ಎಂದಳು ಯಾರಿಗೂ ಅಲ್ಲದೆ.

ಬಿಸಿಲು ಮರದ ಇನ್ನೊಂದು ಮಗ್ಗುಲಿಗೆ ಬರುವ ತನಕ ಮಾತು ನಡೆಯಿತು. ಕೊಡಬಾರದು ಎಂದವರು ಇದ್ದರು. ಕೊಡದಿದ್ದರೆ ಬೆತ್ಮ ಯಾಕೆ, ಅವರವರ ಗದ್ದೆ ಅವರವರು ಉತ್ತುಕೊಳ್ಳಬಹುದಿತ್ತಲ್ಲ ಎಂದು ಟಿಕಿರಿ ಮಾವ ಕೇಳಿದ. ಕೊನೆಗೆ ಉಳಿದ ನಾಲ್ಕು ಸರದಿಯಲ್ಲಿ ಪ್ರತಿಯೊಬ್ಬರ ಪಾಲಿನಿಂದಲೂ ಹತ್ತು ಹತ್ತು ನಿಮಿಷ ಕಡಿಮೆ ಮಾಡುವುದೆಂದಾಯಿತು. ಹಾಗೆ ಉಳಿದ ನೀರು ಒಂದು ಪಟ್ಟಿಗೆ ಮೂರು ಸಲಕ್ಕೆ ಸಾಕು. ಎರಡಕ್ಕೆ ಸಾಲದು.

"ನಿಲ್ಮಿಣಿಯದಕ್ಕೆ," ಎಂದಳು ಸುದುಮೆಣಿಕೆ, ಯಾರೂ ಕೇಳುವ ಮೊದಲೇ. ಸೊಂಟದಿಂದ ಬೀಗದ ಕೈ ಬಿಚ್ಚಿ ಟಿಕಿರಿ ಮಾವನ ಮುಂದೆ ಬೇರಿನ ಮೇಲೆ ಇಟ್ಟಳು. ಅವನು ಅದನ್ನು ನೋಡಿದ, ಬೇಡ ಎನ್ನಲಿಲ್ಲ. ಎತ್ತಿ ಮುತುಬಂಡನಿಗೆ ಕೊಟ್ಟ.

"ನನಗಾ?"

"ನಿನಗೇ. ಹತ್ತು ನಿಮಿಷ ಉಳಿಸೋಕೆ ಹೊಟ್ಟೆ ಉರಿ ಇರೋನೇ ಬೇಕು. ಒಂದು ಹನಿ ಆಚೀಚೆ ಆಗಲ್ಲ."

ನಗು ಎದ್ದಿತು. ಸುದುಮೆಣಿಕೆ ಆ ನಗುವಿನ ನಡುವೆಯೇ ಮನೆಗೆ ನಡೆದಳು. ಮರುದಿನ ಅಂಗಳದಲ್ಲಿ ಯಾರೂ ಕೂಗಲಿಲ್ಲ. ಅವಳು ಬೆಳಗ್ಗೆಯೇ ಎದ್ದು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

ಎಪ್ಪತ್ತೆಂಟನೆಯ ದಿನ ಹತ್ತನೆಯ ಕಲ್ಲಿನ ನೆತ್ತಿಯ ಮೇಲೆ ಮೂರು ಬೆರಳು ನೀರು ಉಳಿದಿತ್ತು. ಊರಿನವರೆಲ್ಲ ತಮ್ಮ ತಮ್ಮ ಪಟ್ಟಿಗೆ ನೀರು ಬರುವ ಬಾಯಿ ಮುಚ್ಚಿ ಕುಡುಗೋಲು ಮಸೆಯಲು ಹೋದರು. ಆಗ ಇನ್ನೊಂದು ತೊಡಕು ಕಾಣಿಸಿತು. ಕಾಲುವೆಯಿಂದ ನಿಲ್ಮಿಣಿಯ ಪಟ್ಟಿಗೆ ನೀರು ಹೋಗುತ್ತಿದ್ದದ್ದು ಸುದುಮೆಣಿಕೆಯ ಪಟ್ಟಿಯ ಮೂಲಕ. ಅದು ಮೊದಲು ತುಂಬಬೇಕು, ತುಂಬಿ ಬದುವಿನ ಗಂಡಿಯಿಂದ ಆಚೆಗೆ ಹರಿಯಬೇಕು. ಹಾಗೆ ಬಿಟ್ಟರೆ ಮೂರು ಸಲದ ನೀರು ಒಂದೂವರೆ ಸಲಕ್ಕೆ ಮುಗಿಯುತ್ತಿತ್ತು.

ಸುದುಮೆಣಿಕೆ ಗುದ್ದಲಿ ತಂದಳು. ತನ್ನ ಪಟ್ಟಿಯ ನಡುವೆ, ಆಗಷ್ಟೇ ಹೂ ಬಿಟ್ಟು ನಿಂತಿದ್ದ ಪೈರಿನೊಳಗೆ, ಈ ತುದಿಯಿಂದ ಆ ತುದಿಗೆ ಒಂದು ಕಾಲುವೆ ತೆಗೆಯತೊಡಗಿದಳು. ಒಂದೊಂದು ಏಟಿಗೂ ಬುಡ ಸಮೇತ ಪೈರು ಮಗುಚಿಕೊಳ್ಳುತ್ತಿತ್ತು. ಎರಡೂ ಬದಿಗೆ ಜೇಡಿ ಮೆತ್ತಿ, ಅಂಗೈಯಿಂದ ಬಡಿದು ನುಣುಪು ಮಾಡಿದಳು, ಹನಿ ಸೋರದಂತೆ. ಮುತುಬಂಡ ಏರಿಯ ಮೇಲೆ ನಿಂತು ನೋಡಿದ. ಏನೋ ಕುಹಕದ ಮಾತು ಅವನ ಬಾಯಿಗೆ ಬಂದಿತ್ತು. ನುಂಗಿಕೊಂಡು ತೂಬಿನ ಕಡೆಗೆ ಹೋದ. ನಿಲ್ಮಿಣಿ ತನ್ನ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದಳು. ಸಭೆಯ ದಿನದಿಂದ ಅವಳು ಇವಳೊಡನೆ ಒಂದು ಮಾತೂ ಆಡಿರಲಿಲ್ಲ. ಗುದ್ದಲಿ ಹಿಡಿಯಲೂ ಬರಲಿಲ್ಲ.

ಮೊದಲ ಸಲದ ನೀರು ಹೊಸ ಕಾಲುವೆಯಲ್ಲಿ ಕೆಂಪಗೆ ಹರಿದು ನೇರವಾಗಿ ನಿಲ್ಮಿಣಿಯ ಪಟ್ಟಿ ಸೇರಿತು.

ಐದು ದಿನ ಕಳೆದು ಎರಡನೆಯ ಸಲ ನೀರು ಬಿಟ್ಟಾಗ, ಸುದುಮೆಣಿಕೆಯ ಪಟ್ಟಿಯಲ್ಲಿ ನೆಲ ಬಿರುಕು ಬಿಟ್ಟಿತ್ತು. ಎಲೆಗಳು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡಿದ್ದವು. ಆಚೆಯದರಲ್ಲಿ ತೆನೆಗಳು ಹಾಲು ಕಟ್ಟಿ, ಭಾರಕ್ಕೆ ಆಗಲೇ ಒಂದಿಷ್ಟು ವಾಲಿದ್ದವು. ನಿಲ್ಮಿಣಿಯ ಅತ್ತೆ ಬೆಳಿಗ್ಗೆ ಬಂದು ಒಂದು ಕಾಳು ಹಿಸುಕಿ, ಬೆರಳಿನ ಮೇಲೆ ಹಾಲು ನೋಡಿ, ತುಟಿ ಬಿಚ್ಚದೆ ಹೋಗಿದ್ದಳು. ಬೈಯದೆ ಹೋದದ್ದೇ ದೊಡ್ಡದು.

ಸುದುಮೆಣಿಕೆ ಕಾಲುವೆಯ ಉದ್ದಕ್ಕೂ ಸೋರುವಿಕೆ ನೋಡುತ್ತ ನಡೆದಳು. ನಡುವೆ ಒಂದು ಕಡೆ ನಿಲ್ಮಿಣಿ ಬಂದು ನಿಂತಿದ್ದಳು. ನೋಡನೋಡುತ್ತಿದ್ದಂತೆ ಅವಳು ಹಿಮ್ಮಡಿಯಿಂದ ಜೇಡಿಯ ದಂಡೆಯನ್ನು ಒದ್ದಳು. ದಂಡೆ ಕುಸಿಯಿತು. ನೀರು ಒಣನೆಲಕ್ಕೆ ನುಗ್ಗಿ, ಬಿರುಕುಗಳೊಳಗೆ ಗುಟುಕು ಗುಟುಕಾಗಿ ಇಳಿಯಿತು.

"ಏಯ್! ಏನು ಮಾಡ್ತಿದೀಯಾ?"

"ಕಣ್ಣು ಕಾಣಲ್ವಾ? ಒಡೆದೆ."

"ಮುಚ್ಚು! ಲೆಕ್ಕ ತಪ್ಪುತ್ತೆ. ನಿನ್ನ ಮೂರನೇ ಸಲಕ್ಕೆ ಕಡಿಮೆ ಬೀಳುತ್ತೆ."

"ನನ್ನ ನೀರು. ನಾನು ಯಾರಿಗೆ ಬೇಕಾದ್ರೂ ಹುಯ್ತೀನಿ. ನಿನ್ನ ಮೇಲಿನ ಪ್ರೀತಿಗೆ ಅಂದುಕೋಬೇಡ. ಆ ಪೈರು ಏನು ಮಾಡಿತ್ತು ನಿನಗೆ? ದಿನಾ ಅದರ ಮುಖ ನೋಡೋಕಾಗಲ್ಲ ನನಗೆ."

"ಪೈರಿಗೆ ಮುಖ ಬೇರೆ ಇದೆಯಾ! ಇಪ್ಪತ್ತೆರಡು ಜನ ಹತ್ತು ಹತ್ತು ನಿಮಿಷ ಬಿಟ್ಟುಕೊಟ್ಟಿದ್ದು ನಿನ್ನ ಪಟ್ಟಿಗೆ, ನನ್ನದಕ್ಕಲ್ಲ. ಪಕ್ಕಕ್ಕೆ ಸರಿ."

ನಿಲ್ಮಿಣಿ ಸರಿಯಲಿಲ್ಲ. ಗುದ್ದಲಿ ದೂರದ ತುದಿಯಲ್ಲಿತ್ತು. ಸುದುಮೆಣಿಕೆ ಅವಳನ್ನು ಭುಜದಿಂದ ನೂಕಿ, ಸೀರೆ ಎತ್ತಿ ಹಿಡಿದು, ತನ್ನ ಎರಡೂ ಪಾದಗಳನ್ನು ಕುಸಿದ ಬಾಯಿಗೆ ಅಡ್ಡ ಇಟ್ಟು ನಿಂತಳು. ನೀರು ಹಿಮ್ಮಡಿಗೆ ಗುದ್ದಿತು, ಬೆರಳಿನ ಸಂದಿಯಲ್ಲಿ ದಾರಿ ಹುಡುಕಿತು. ಬೆನ್ನ ಹಿಂದೆ ಒಣ ಎಲೆಗಳು ಗಾಳಿಗೆ ಒಂದಕ್ಕೊಂದು ಉಜ್ಜಿಕೊಂಡು ಸದ್ದು ಮಾಡುತ್ತಿದ್ದವು. ಪಾದ ಒಂದಿಷ್ಟು ವಾರೆ ಮಾಡಿದರೆ ಸಾಕು ಎಂದು ಅವಳಿಗೆ ಗೊತ್ತಿತ್ತು. ಯಾರೂ ಕದ್ದಳೆನ್ನುವುದಿಲ್ಲ. ಒಡೆದವಳು ನಿಲ್ಮಿಣಿ.

"ಇನ್ನೂ ಅರ್ಧ ಗಂಟೆ!" ಮುತುಬಂಡ ಏರಿಯ ಮೇಲಿಂದ ಕೂಗಿದ. "ಅಲ್ಲೇನು, ಇಬ್ಬರೂ ಕುಣೀತಿದೀರಾ?"

"ನೀನು ಗಡಿಯಾರ ನೋಡು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ನಿಲ್ಮಿಣಿ ಅವಳ ಪಾದಗಳನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ, ಎರಡು ಕೈ ತುಂಬ ಜೇಡಿ ಎತ್ತಿ, ಪಾದಗಳ ಎರಡೂ ಬದಿಗೆ ಮೆತ್ತತೊಡಗಿದಳು. "ಎಡಗಾಲು ಸ್ವಲ್ಪ ಒತ್ತು," ಎಂದಳು ಸಿಡುಕಿನಿಂದ. "ಅಲ್ಲಿ ಸೋರ್ತಿದೆ."

ಸುದುಮೆಣಿಕೆ ಒತ್ತಿದಳು.